ಊರ ದಾರಿಯ ವ್ಯಾನಿಗೆ ಮಂಡಿ ಮೆಚ್ಚುವ ನೆಲ

ವಡೋದರಾ: ಮಕ್ಕಳ ಪರೀಕ್ಷೆಗಳು ಮುಗಿದು ಬಿಸಿಲು ಏರತೊಡಗಿದರೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಕೇಳಿಬರುವುದು ಒಂದೇ ಮಾತು: ಈ ಸಲ ಊರಿಗೆ ಯಾವಾಗ? ಫತೇಗಂಜ್, ನಿಜಾಂಪುರ, ಸಮಾ ಕಡೆಯ ಕನ್ನಡ ಮನೆಗಳೂ ಇದಕ್ಕೆ ಹೊರತಲ್ಲ. ಅಜ್ಮೀರ್-ಮೈಸೂರು ಎಕ್ಸ್‌ಪ್ರೆಸ್‌ನಲ್ಲಿ ಟಿಕೆಟ್ ಸಿಕ್ಕವರು ನಿಶ್ಚಿಂತರು. ಸಿಗದವರು, ಹಾಗೂ ನಡುವೆ ಪಂಢರಪುರ, ಕೊಲ್ಹಾಪುರ ಎಂದು ನಿಂತು ನಿಂತು ಹೋಗಬೇಕೆನ್ನುವವರು, ಮನೆಯ ಮುಂದೆ ನಿಂತಿರುವ ವ್ಯಾನಿನತ್ತ ನೋಡುತ್ತಾರೆ.

ವ್ಯಾನಿನಲ್ಲಿ ಹೊರಡುವುದಕ್ಕೆ ಇನ್ನೊಂದು ಆಕರ್ಷಣೆಯೂ ಇದೆ. ವಡೋದರಾದ ಪಕ್ಕದಲ್ಲಿ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯೇ ಭರೂಚ್, ಸೂರತ್, ಮುಂಬಯಿ, ಪುಣೆ, ಕೊಲ್ಹಾಪುರಗಳನ್ನು ದಾಟಿ, ನಿಪ್ಪಾಣಿಯ ಬಳಿ ಕರ್ನಾಟಕವನ್ನು ಹೊಕ್ಕು, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಹಳಬರು ಇದನ್ನು ಈಗಲೂ ಮುಂಬಯಿವರೆಗೆ ಎನ್‌ಎಚ್ 8, ಅಲ್ಲಿಂದಾಚೆ ಎನ್‌ಎಚ್ 4 ಎಂದೇ ಕರೆಯುವುದುಂಟು. ಬೀದಿಯಿಂದ ಹೆದ್ದಾರಿಗೆ ಬಿದ್ದರೆ ಸಾಕು, ದಾರಿ ತಾನಾಗಿಯೇ ತವರಿಗೆ ಹೋಗುತ್ತದೆ. ಹುಬ್ಬಳ್ಳಿಗೆ ಸುಮಾರು ಒಂದು ಸಾವಿರ ಕಿಲೋಮೀಟರ್. ವಯಸ್ಸಾದವರನ್ನು ಕರೆದುಕೊಂಡು ಒಂದೇ ಉಸಿರಿಗೆ ಹೋಗುವ ದೂರ ಇದಲ್ಲ. ಒಂದೋ ಎರಡೋ ರಾತ್ರಿ ದಾರಿಯಲ್ಲಿ ಕಳೆಯಲೇಬೇಕು. ಹೀಗಾಗಿ ವ್ಯಾನಿನ ಹಿಂಭಾಗವೇ ಮಲಗುವ ಕೋಣೆ, ಉಗ್ರಾಣ, ಕೆಲವೊಮ್ಮೆ ದೇವರ ಮನೆಯೂ ಆಗುತ್ತದೆ.

ಆದರೆ ಊರಿಗೆ ಹೋಗಿಬಂದ ಮೇಲೆ ಅನೇಕ ಮನೆಗಳಲ್ಲಿ ಹಿರಿಯ ಹೆಂಗಸರ ಬಾಯಿಂದ ಬರುವ ಮಾತು ಬೇರೆ. "ಮುಂದಿನ ಸಲ ನೀವು ಹೋಗಿಬನ್ನಿ, ನಾನು ಬರೋದಿಲ್ಲ." ಕಾರಣ ದೂರವಲ್ಲ, ಬಿಸಿಲೂ ಅಲ್ಲ. ಕಾರಣ ಮಂಡಿ.

ವ್ಯಾನಿನಲ್ಲಿ ಮಂಡಿಯೂರುವವರು ಯಾರು?

ವಿದೇಶಗಳಲ್ಲಿ ಕ್ಯಾಂಪರ್ ವ್ಯಾನ್ ಎಂಬ ವಾಹನಕ್ಕೆ ದೊಡ್ಡ ಚರಿತ್ರೆಯೇ ಇದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯ ವ್ಯಾನಿನೊಳಗೆ ಮಂಚ, ಕಪಾಟು ಜೋಡಿಸಿ ಮನೆಯಂತೆ ಮಾಡಿಕೊಡುವ ಪದ್ಧತಿ 1950ರ ದಶಕದ ಆರಂಭದಲ್ಲೇ ಶುರುವಾಯಿತು. ನಮ್ಮಲ್ಲಿ ಕೇರಳ ಸರಕಾರ 2021ರಲ್ಲಿ ಕೇರವಾನ್ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿಯನ್ನು ತಂದಿತು. ಆದರೆ ಮಧ್ಯಮ ವರ್ಗದ ಕನ್ನಡ ಕುಟುಂಬದ ಕ್ಯಾಂಪರ್ ವ್ಯಾನ್ ಎಂದರೆ ಬಹುಪಾಲು ಮಾರುತಿ ಓಮ್ನಿ, ಈಕೋ ಅಥವಾ ನಾಲ್ಕಾರು ಮನೆಯವರು ಸೇರಿ ಬಾಡಿಗೆಗೆ ಹಿಡಿಯುವ ಟೆಂಪೊ ಟ್ರಾವೆಲರ್. 1984ರಲ್ಲಿ ರಸ್ತೆಗಿಳಿದ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಹಳೆಯ ಓಮ್ನಿಗಳು ಇನ್ನೂ ಓಡುತ್ತಿವೆ. ಈಕೋ 2010ರಲ್ಲಿ ಬಂದದ್ದು.

ಈ ಸಣ್ಣ ವ್ಯಾನುಗಳ ಸಮಸ್ಯೆ ಎಲ್ಲರಿಗೂ ಗೊತ್ತಿರುವಂಥದು. ಒಳಗೆ ಯಾರೂ ನೆಟ್ಟಗೆ ನಿಲ್ಲಲಾರರು. ಕುಳಿತರೆ ಕೈ ಎಟಕದು, ನಿಂತರೆ ತಲೆ ಬಡಿಯುತ್ತದೆ. ಉಳಿದಿರುವುದು ಮಂಡಿಯೂರುವುದೊಂದೇ. ಹಾಸಿಗೆ ಬಿಡಿಸುವುದು, ಮಡಿಸುವುದು, ಸೀಟಿನಡಿಯ ಚೀಲ ಎಳೆಯುವುದು, ನೀರಿನ ಕ್ಯಾನು ಸರಿಸುವುದು, ರೊಟ್ಟಿ ಗಂಟು ಬಿಚ್ಚಿ ಎಲ್ಲರಿಗೂ ಹಂಚುವುದು, ಮೊಮ್ಮಗುವಿನ ಬಟ್ಟೆ ಬದಲಿಸುವುದು, ಚೆಲ್ಲಿದ ಮಜ್ಜಿಗೆ ಒರೆಸುವುದು, ಎಲ್ಲವೂ ಮಂಡಿಯ ಮೇಲೆ.

ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಯಜಮಾನರು ನಿವೃತ್ತರು, ಧಾರವಾಡದ ಕಡೆಯವರು. ವ್ಯಾನ್ ಓಡಿಸುವವನು ಮಗ. ಜೊತೆಗೆ ಸೊಸೆ, ಒಂದು ಮಗು, ಅರುವತ್ತು ದಾಟಿದ ಅಮ್ಮ. ಹೊರಡುವ ವಾರದಲ್ಲಿ ಮಗ ಟಯರ್, ಬ್ರೇಕ್, ಎ.ಸಿ. ನೋಡಿಸುತ್ತಾನೆ. ಯಜಮಾನರು ಟೋಲಿನ ಫಾಸ್ಟ್ಯಾಗ್‌ಗೆ ಹಣ ತುಂಬುತ್ತಾರೆ. ನೆಲಕ್ಕೆ ಏನು ಹಾಸಬೇಕೆಂದೂ ಇವರಿಬ್ಬರೇ ನಿರ್ಧರಿಸುತ್ತಾರೆ: ಒರೆಸಲು ಸುಲಭ, ನೋಡಲು ಚಂದ ಎಂದು ತೆಳ್ಳನೆಯ ರೆಕ್ಸಿನ್ ಹಾಳೆ. ದಾರಿಯುದ್ದಕ್ಕೂ ಆ ಹಾಳೆಯ ಮೇಲೆ ಮಂಡಿ ಇಡುವವರು ಅಮ್ಮ ಮತ್ತು ಸೊಸೆ. ಲೆಕ್ಕ ಬರೆದವರು ಒಬ್ಬರು, ಕಂತು ಕಟ್ಟುವವರು ಇನ್ನೊಬ್ಬರು ಎಂಬಂತಾಯಿತು. ವ್ಯಾನಿನ ನೆಲದ ವಿಷಯದಲ್ಲಿ ಮೊದಲು ಸರಿಪಡಿಸಬೇಕಾದದ್ದು ಇದನ್ನೇ. ನೆಲವನ್ನು ಆರಿಸಬೇಕಾದವರು ಅದರ ಮೇಲೆ ಮಂಡಿಯೂರುವವರು.

ನೋವು ಬರುವುದು ಹೇಗೆ?

ಮಂಡಿಚಿಪ್ಪಿನ ಮುಂದೆ, ಚರ್ಮಕ್ಕೂ ಎಲುಬಿಗೂ ನಡುವೆ, ತೆಳುವಾದ ದ್ರವವಿರುವ ಒಂದು ಚಿಕ್ಕ ಚೀಲವಿದೆ. ಚರ್ಮ ಎಲುಬಿನ ಮೇಲೆ ಸುಲಭವಾಗಿ ಜಾರಲೆಂದು ಪ್ರಕೃತಿ ಮಾಡಿರುವ ಏರ್ಪಾಡು ಇದು. ಗಟ್ಟಿ ನೆಲದ ಮೇಲೆ ಮತ್ತೆ ಮತ್ತೆ ಮಂಡಿಯೂರಿದರೆ ಈ ಚೀಲ ಕೆರಳಿ ಊದಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ "ಮನೆಗೆಲಸದಾಕೆಯ ಮಂಡಿ" ಎಂಬರ್ಥದ ಹಳೆಯ ಹೆಸರಿದೆ. ಹಿಂದೆ ಅಲ್ಲಿ ನೆಲ ಉಜ್ಜುವ ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತಿದ್ದುದರಿಂದ ಬಂದ ಹೆಸರು. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ ಇನ್ನೊಂದು ಚೀಲವಿದ್ದು, ಅದು ಊದಿದರೆ "ಪಾದ್ರಿಯ ಮಂಡಿ" ಎನ್ನುತ್ತಾರೆ. ಮುಂದಕ್ಕೆ ಬಾಗಿ ನೆಲ ಒರೆಸುವವರ ಭಾರ ಚಿಪ್ಪಿನ ಮೇಲೆ ಬಿದ್ದರೆ, ನೆಟ್ಟಗೆ ಮಂಡಿಯೂರಿ ಪ್ರಾರ್ಥಿಸುವವರ ಭಾರ ಅದಕ್ಕಿಂತ ಕೆಳಗೆ ಬೀಳುತ್ತದೆ. ವ್ಯಾನಿನೊಳಗೆ ಎರಡೂ ಬಗೆಯ ಭಂಗಿ ಬೇಕಾಗುತ್ತದೆ.

ಇದರ ಲೆಕ್ಕ ಸರಳ. ಮಂಡಿಯೂರಿದವರ ಒಂದೊಂದು ಮಂಡಿಯ ಮೇಲೂ 25 ಕಿಲೋ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳಿ. ಗಟ್ಟಿ ನೆಲದಲ್ಲಿ ತಗಲುವ ಜಾಗ 25 ಚದರ ಸೆಂಟಿಮೀಟರ್ ಆದರೆ, ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ಹಾಸು ಮಂಡಿಯ ಆಕಾರಕ್ಕೆ ತಕ್ಕಂತೆ ತಗ್ಗಿ, ತಗಲುವ ಜಾಗ 50 ಚದರ ಸೆಂಟಿಮೀಟರ್ ಆದರೆ ಒತ್ತಡ ಅರ್ಧಕ್ಕಿಳಿಯುತ್ತದೆ. ಭಾರ ಅಷ್ಟೇ, ಹರಡಿದ ರೀತಿ ಬೇರೆ. ಒಳ್ಳೆಯ ಹಾಸಿನ ಕೆಲಸ ಇಷ್ಟೇ.

ಇಲ್ಲಿ ಅನೇಕರು ತಪ್ಪು ಮಾಡುತ್ತಾರೆ. ಮೆತ್ತಗಿದ್ದಷ್ಟೂ ಒಳ್ಳೆಯದು ಎಂದುಕೊಂಡು ದಪ್ಪ ಸ್ಪಂಜು ತಂದು ಹಾಸುತ್ತಾರೆ. ಅಂಗಡಿಯಲ್ಲಿ ಕೈಯಿಂದ ಒತ್ತಿದರೆ ಸುಖವಾಗಿಯೇ ಇರುತ್ತದೆ. ಆದರೆ ಮಂಡಿ ಅಂಗೈಯಲ್ಲ. ಮಂಡಿ ಇಟ್ಟ ಕ್ಷಣಕ್ಕೆ ಸ್ಪಂಜು ಪೂರಾ ಕುಸಿದು, ಎಲುಬು ಕೆಳಗಿನ ಕಬ್ಬಿಣಕ್ಕೆ ತಗಲುತ್ತದೆ. ಆಗ ಹಾಸು ಇದ್ದೂ ಇಲ್ಲದಂತೆ. ಅದೂ ಅಲ್ಲದೆ ಕಾಲು ಅಲುಗಾಡಿ ಮಂಡಿ ತಿರುಚುವ ಭಯ ಬೇರೆ.

ಸರಿಯಾದ ಮಾದರಿ ನೋಡಬೇಕಾದವರು ದೂರ ಹೋಗಬೇಕಿಲ್ಲ. ಹಳೆಯ ಕ್ಯಾಂಪ್ ಪ್ರದೇಶವಾದ ಫತೇಗಂಜ್‌ನಲ್ಲಿ ಚರ್ಚುಗಳಿವೆ. ಅನೇಕ ಚರ್ಚುಗಳಲ್ಲಿ ಬೆಂಚುಗಳ ಮುಂದೆ ಮಂಡಿಯೂರಲೆಂದೇ ಮಾಡಿದ ಹಲಗೆ ಇರುವುದನ್ನು ಕಂಡಿರಬಹುದು. ಕೆಳಗೆ ಗಟ್ಟಿ ಮರ, ಅದರ ಮೇಲೆ ಬಿಗಿಯಾದ, ಹೆಚ್ಚು ದಪ್ಪವಿಲ್ಲದ ಮೆತ್ತೆ. ತಲೆತಲಾಂತರದಿಂದ ಮಂಡಿಯೂರಿದವರು ಕಂಡುಕೊಂಡ ಪಾಠ ಅದು: ಅಡಿ ಗಟ್ಟಿ ಮತ್ತು ಸಮ, ಮೇಲೆ ಬಿಗಿ ಮೆತ್ತೆ. ವ್ಯಾನಿಗೂ ಇದೇ ಸೂತ್ರ.

ಯಾವ ಹಾಸು, ಎಷ್ಟು ದಪ್ಪ?

ಪೇಟೆಯಲ್ಲಿ ಸಿಗುವ ಹಾಸುಗಳಲ್ಲಿ ಮುಖ್ಯವಾದವು ಇವು.

ಸಾಧಾರಣ ಪಿ.ಯು. ಫೋಮ್, ಅಂದರೆ ಸೋಫಾ ಸ್ಪಂಜು. ಇದರ ರಂಧ್ರಗಳು ತೆರೆದಿರುವುದರಿಂದ ನೀರು ಹೀರುತ್ತದೆ, ಬೇಗ ಕುಸಿಯುತ್ತದೆ. ಅಂಗಡಿಯವರು 32 ಡೆನ್ಸಿಟಿ, 40 ಡೆನ್ಸಿಟಿ ಎಂದು ಹೇಳುವುದು ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬುದನ್ನು. ಅದು ಬಾಳಿಕೆಯ ಸೂಚನೆಯೇ ಹೊರತು ಮೆತ್ತಗಿದೆಯೋ ಗಟ್ಟಿಯಿದೆಯೋ ಎಂಬುದರ ಅಳತೆಯಲ್ಲ. ಮಲಗಲು ಇದು ಆದೀತು, ಮಂಡಿಯೂರಲು ಒಂದೇ ಸಾಲದು.

ಇ.ವಿ.ಎ. ಮ್ಯಾಟ್. ಮಕ್ಕಳ ಆಟದ ಕೋಣೆಯಲ್ಲಿ, ವ್ಯಾಯಾಮ ಶಾಲೆಗಳಲ್ಲಿ ಒಂದಕ್ಕೊಂದು ಹಲ್ಲು ಕೂಡಿಸಿ ಹಾಸುವ ಚೌಕಗಳು. ಹವಾಯಿ ಚಪ್ಪಲಿಯಂತೆ ಬಿಗಿಯಾಗಿರುತ್ತವೆ. ರಂಧ್ರಗಳು ಮುಚ್ಚಿರುವುದರಿಂದ ನೀರು ಹೀರುವುದಿಲ್ಲ. 12ರಿಂದ 20 ಮಿಲಿಮೀಟರ್ ದಪ್ಪದ್ದು ಮಂಡಿಗೆ ಹೇಳಿ ಮಾಡಿಸಿದಂತಿದೆ. ಒಂದೇ ದೋಷ, ಬಿಸಿಲಿನಲ್ಲಿ ಮುಚ್ಚಿಟ್ಟ ವ್ಯಾನಿನಲ್ಲಿ ಬಹಳ ದಿನ ಬಿಟ್ಟರೆ ಕುಗ್ಗಿ, ಅಂಚುಗಳ ನಡುವೆ ಸಂದು ಬೀಳಬಹುದು. ವಡೋದರಾದ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವಂಥದು. ಪ್ರವಾಸವಿಲ್ಲದಾಗ ತೆಗೆದು ಮನೆಯೊಳಗಿಡುವುದು ಒಳಿತು.

ರೀಬಾಂಡೆಡ್ ಫೋಮ್. ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು. ಬಣ್ಣ ಬಣ್ಣದ ಚುಕ್ಕೆಗಳಿಂದ ಗುರುತು ಹಿಡಿಯಬಹುದು. ಭಾರ ಹೆಚ್ಚು, ಆದರೆ ಕುಸಿಯುವುದು ಕಡಿಮೆ. ಮಲಗುವುದಕ್ಕೂ ಮಂಡಿಗೂ ಒಂದೇ ಹಾಸು ಬೇಕೆನ್ನುವವರಿಗೆ ಅನುಕೂಲ. ನೀರು ಮಾತ್ರ ತಾಗಬಾರದು.

ತೆಂಗಿನ ನಾರಿಗೆ ರಬ್ಬರ್ ಹಾಲು ಸೇರಿಸಿ ಮಾಡಿದ ಕಾಯರ್ ಹಾಳೆ. ಗಾಳಿ ಆಡುತ್ತದೆ, ಬೇಸಿಗೆಗೆ ತಂಪು. ಮೇಲೆ ಬಟ್ಟೆ ಹಾಸದಿದ್ದರೆ ನಾರು ಚುಚ್ಚುತ್ತದೆ.

ಇನ್ನು ನಮ್ಮ ಮನೆಯ ಹಾಸುಗಳು. ನವಲಗುಂದದ ಜಮಖಾನೆ, ಚಳ್ಳಕೆರೆಯ ಕಂಬಳಿ, ಅಜ್ಜಿಯ ಕೈಯ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಇಟ್ಟು ಒತ್ತಾಗಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿದರೆ ಅದು ಯಾವ ಕಂಪೆನಿಯ ಮಂಡಿ ಮೆತ್ತೆಗೂ ಕಡಿಮೆಯಲ್ಲ. ಹೊಲಿಗೆ ಒತ್ತಾಗಿರುವುದರಿಂದ ಪದರು ಜರುಗುವುದಿಲ್ಲ, ಹತ್ತಿ ಬೆವರು ಹೀರುತ್ತದೆ, ಒಗೆಯಬಹುದು. ಗುಜರಾತಿಗಳ ಗೋದಡಿಯೂ ಇದರ ಸೋದರಿಯೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಬಣ್ಣದ ಕೌದಿಗಳು ಇಂದು ದೇಶವಿದೇಶಗಳಲ್ಲಿ ಹೆಸರು ಮಾಡಿವೆ. ಅದೇ ಮೂಲದ ಸಿದ್ದಿ ಸಮುದಾಯ ಗುಜರಾತಿನ ಭರೂಚ್ ಜಿಲ್ಲೆಯಲ್ಲೂ ಗಿರ್ ಸೀಮೆಯಲ್ಲೂ ಇದೆ. ಎರಡೂ ರಾಜ್ಯಗಳ ನಂಟು ಹೆದ್ದಾರಿಯಷ್ಟರಲ್ಲೇ ಮುಗಿಯುವುದಿಲ್ಲ.

ನೆಲ ಸಿದ್ಧಪಡಿಸುವ ಕ್ರಮ

ಓಮ್ನಿ, ಈಕೋಗಳ ನೆಲ ಸಮತಟ್ಟಾದ ತಗಡಲ್ಲ. ಬಲ ಬರಲೆಂದು ತಗಡಿನಲ್ಲಿ ಉಬ್ಬು ತಗ್ಗುಗಳನ್ನು ಒತ್ತಿರುತ್ತಾರೆ. ಕಂಪೆನಿಯ ಮ್ಯಾಟ್ ಎತ್ತಿದರೆ ಕಾಣುತ್ತದೆ. ಮೆತ್ತೆ ಹಾಸಿದರೂ ಮಂಡಿಗೆ ಏನೋ ಒತ್ತುತ್ತದೆ ಎಂಬ ದೂರಿನ ಮೂಲ ಈ ಉಬ್ಬುಗಳೇ. ಆದುದರಿಂದ ಕೆಲಸ ಕೆಳಗಿನಿಂದ ಶುರುವಾಗಬೇಕು.

ಮೊದಲು ಮ್ಯಾಟ್ ಎತ್ತಿ, ನೆಲ ಒರೆಸಿ, ಒಂದು ದಿನ ಬಾಗಿಲು ತೆರೆದಿಟ್ಟು ಚೆನ್ನಾಗಿ ಒಣಗಿಸಬೇಕು. ತುಕ್ಕು ಕಂಡರೆ ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿಯಬೇಕು. ಹಸಿ ನೆಲದ ಮೇಲೆ ಹಾಸು ಮುಚ್ಚಿದರೆ ಮೇಲೆ ಮೆತ್ತೆ, ಕೆಳಗೆ ತೂತು ಎಂಬಂತಾಗುತ್ತದೆ.

ಎರಡನೆಯದಾಗಿ, ತಗ್ಗುಗಳಿಗೆ ಸರಿಯಾಗಿ ಫೋಮ್ ಪಟ್ಟಿಗಳನ್ನು ಕತ್ತರಿಸಿ ತುಂಬಬೇಕು. ಟಿ.ವಿ., ಫ್ರಿಜ್ ಪೆಟ್ಟಿಗೆಗಳಲ್ಲಿ ಬರುವ ಬಿಳಿಯ ಇ.ಪಿ.ಇ. ಹಾಳೆ ಇದಕ್ಕೆ ಸಾಕು. ಅದೂ ನೀರು ಹೀರುವುದಿಲ್ಲ.

ಮೂರನೆಯದು ಪ್ಲೈವುಡ್. ನೀರು ತಡೆಯುವ ಜಾತಿಯ 9 ಮಿಲಿಮೀಟರ್ ಹಲಗೆಯನ್ನು ಎರಡು ತುಂಡುಗಳಲ್ಲಿ ಕತ್ತರಿಸಿಕೊಂಡರೆ ಹಾಕಲು, ತೆಗೆಯಲು ಸುಲಭ. ಅಂಚುಗಳನ್ನು ಉಜ್ಜಿ ನುಣುಪು ಮಾಡಿ, ಎರಡೂ ಬದಿಗೆ ವಾರ್ನಿಷ್ ಹಚ್ಚಬೇಕು. ಹಲಗೆಯನ್ನು ನೆಲಕ್ಕೆ ಸ್ಕ್ರೂ ಹೊಡೆದು ಕೂಡಿಸುವ ಉತ್ಸಾಹ ಬೇಡ. ತಗಡಿನ ಕೆಳಗೆ ಪೆಟ್ರೋಲ್ ಟ್ಯಾಂಕು, ಬ್ರೇಕಿನ ಕೊಳವೆ, ವೈರುಗಳು ಇರುತ್ತವೆ. ಒಂದು ತಪ್ಪು ತೂತು ಪ್ರಾಣಕ್ಕೇ ಕುತ್ತು. ಅಳತೆ ಸರಿಯಾಗಿದ್ದರೆ ಹಲಗೆ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂತು, ತಾನಾಗಿಯೇ ನಿಲ್ಲುತ್ತದೆ.

ನಾಲ್ಕನೆಯದು ಇ.ವಿ.ಎ. ಅಥವಾ ರೀಬಾಂಡೆಡ್ ಹಾಸು. ಅದರ ಮೇಲೆ ಒರೆಸಬಹುದಾದ ವಿನೈಲ್ ಹಾಳೆ ಇಲ್ಲವೇ ಜಮಖಾನೆ. ಜಮಖಾನೆ ಜಾರದಂತೆ ಕೆಳಗೆ ರಬ್ಬರ್ ಜಾಲರಿ ಹಾಕಬೇಕು. ರೆಕ್ಸಿನ್ ಮೇಲೆ ಬೆವರಿದ ಮಂಡಿ ಅಂಟುತ್ತದೆ, ಒದ್ದೆಯಾದರೆ ಜಾರುತ್ತದೆ. ಆದ್ದರಿಂದ ನುಣುಪು ರೆಕ್ಸಿನ್ ಬೇಡ, ಒರಟು ಮೈಯ ವಿನೈಲ್ ಇರಲಿ.

ಎಲ್ಲ ಸೇರಿ ದಪ್ಪ 30 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಸಾಕು. ಅದಕ್ಕಿಂತ ಏರಿಸಿದರೆ ಮೊದಲೇ ತಗ್ಗಾದ ಚಾವಣಿ ಇನ್ನೂ ತಗ್ಗಾಗುತ್ತದೆ. ಬಾಗಿಲ ಬಳಿ ಹಾಸಿನ ಅಂಚನ್ನು ಇಳಿಜಾರಾಗಿ ಕತ್ತರಿಸಬೇಕು. ಇಲ್ಲವಾದರೆ ಹತ್ತುವಾಗ ಹಿರಿಯರ ಕಾಲು ಎಡವುತ್ತದೆ. ಸಾಧ್ಯವಾದರೆ ಬಾಗಿಲ ಅಂಚಿಗೆ ಹಳದಿ ಪಟ್ಟಿ ಅಂಟಿಸಿದರೆ ರಾತ್ರಿ ಹೊತ್ತು ಕಾಣುತ್ತದೆ.

ಕೊನೆಯ ಪರೀಕ್ಷೆಯನ್ನು ಮನೆಯ ಹಿರಿಯ ಹೆಂಗಸರೇ ಮಾಡಬೇಕು. ಗಡಿಯಾರ ನೋಡಿ ಐದು ನಿಮಿಷ ಹಾಸಿನ ಮೇಲೆ ಮಂಡಿಯೂರಿ, ಚೀಲ ಎಳೆಯುವಂತೆ ಮುಂದಕ್ಕೆ ಬಾಗಿ ನೋಡಬೇಕು. ಎಲುಬು ಗಟ್ಟಿ ನೆಲಕ್ಕೆ ತಗಲಿದಂತೆ ಅನಿಸಿದರೆ ಹಾಸು ಸಾಲದು. ಕಾಲು ತೂಗಾಡಿದರೆ ಹಾಸು ಅತಿಯಾಯಿತು. ಊರಿಗೆ ಹೊರಡುವ ಹಿಂದಿನ ರಾತ್ರಿಯಲ್ಲ, ಹತ್ತು ದಿನ ಮೊದಲೇ ಈ ಪರೀಕ್ಷೆ ಆಗಬೇಕು.

ಮುಚ್ಚಬಾರದ ಜಾಗ, ಕೀಳಬಾರದ ಸೀಟು

ಉತ್ಸಾಹದಲ್ಲಿ ಮರೆಯುವ ಕೆಲವು ಮಾತುಗಳಿವೆ. ಓಮ್ನಿ, ಈಕೋಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಆ ಭಾಗ ಕಾಯುತ್ತದೆ. ಅಲ್ಲಿ ಫೋಮ್ ತುರುಕಬಾರದು. ಗುಜರಾತಿನಲ್ಲಿ ಸಿ.ಎನ್.ಜಿ. ವ್ಯಾನುಗಳೇ ಹೆಚ್ಚು. ಹಿಂಭಾಗದ ಸಿಲಿಂಡರನ್ನೂ ಅದರ ವಾಲ್ವನ್ನೂ ಹಾಸು, ಹಾಸಿಗೆಗಳಿಂದ ಮುಚ್ಚಿಬಿಡುವುದು ಸರ್ವಥಾ ತಪ್ಪು. ವಾಲ್ವಿಗೆ ಕೈ ತಕ್ಷಣ ತಲುಪುವಂತಿರಬೇಕು.

ಫೋಮ್ ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತು. ಉರಿದರೆ ಅದರ ಹೊಗೆ ವಿಷ. ವಾಹನದ ಒಳಗಿನ ಸಾಮಗ್ರಿಗಳು ಎಷ್ಟು ವೇಗವಾಗಿ ಉರಿಯಬಹುದು ಎಂಬುದಕ್ಕೆ ಐ.ಎಸ್. 15061 ಎಂಬ ಭಾರತೀಯ ಮಾನಕವೇ ಇದೆ. ಕೊಳ್ಳುವಾಗ ಈ ಸಂಖ್ಯೆಯನ್ನು ಹೇಳಿ ಕೇಳುವುದರಲ್ಲಿ ನಾಚಿಕೆಯಿಲ್ಲ. ಸ್ಟವ್ ಹಚ್ಚುವುದು, ಊದುಬತ್ತಿ ಬೆಳಗುವುದು ವ್ಯಾನಿನ ಹೊರಗೇ ಆಗಲಿ. ಬಾಗಿಲು ಮುಚ್ಚಿದ ವ್ಯಾನಿನಲ್ಲಿ ಒಲೆ ಹಚ್ಚಿದರೆ ಬೆಂಕಿಯಷ್ಟೇ ಭಯ ವಾಸನೆಯಿಲ್ಲದ ವಿಷಾನಿಲದ್ದು.

ನೆಲ ಅಗಲವಾಗಲೆಂದು ಸೀಟುಗಳನ್ನು ಕಿತ್ತುಹಾಕುವ ಯೋಚನೆ ಬಂದರೆ ಮೊದಲು ಕಾನೂನು ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಎಷ್ಟು ಜನರ ಆಸನ ಎಂಬುದೂ ನೋಂದಣಿ ಪತ್ರದಲ್ಲಿ ಇರುವ ವಿವರವೇ. ನಿಜವಾದ ಕೇರವಾನ್‌ಗಳಿಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನಕವಿದೆ. ಮನೆಯಲ್ಲಿ ಕೂತು ಮಾಡಿದ ಬದಲಾವಣೆ ಅದಕ್ಕೆ ಸಮವಾಗದು. ಸೀಟು ತೆಗೆಯಲೇಬೇಕೆಂದರೆ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿಯೇ ಮುಂದುವರಿಯಬೇಕು. ಹಾಸು ಮಾತ್ರ ಎತ್ತಿ ತೆಗೆಯುವಂತಿದ್ದರೆ ಈ ತಾಪತ್ರಯವಿಲ್ಲ. ಹಲಗೆಗೆ ಸ್ಕ್ರೂ ಹೊಡೆಯಬಾರದೆಂಬುದಕ್ಕೆ ಇದು ಇನ್ನೊಂದು ಕಾರಣ.

ಎಲ್ಲಕ್ಕಿಂತ ಮುಖ್ಯವಾದ ಮಾತು: ನೆಲ ಎಷ್ಟೇ ಮೆತ್ತಗಿರಲಿ, ವ್ಯಾನ್ ಓಡುವಾಗ ಯಾರೂ ನೆಲದ ಮೇಲೆ ಮಂಡಿಯೂರಬಾರದು, ಮಲಗಬಾರದು. ಚಹಾ ಸುರಿಯುವುದಿದ್ದರೂ, ಮಗು ಅತ್ತರೂ, ಗಾಡಿ ನಿಲ್ಲಿಸಿಯೇ ಏಳಬೇಕು. ಓಡುವ ಗಾಡಿಯಲ್ಲಿ ಎಲ್ಲರ ಜಾಗ ಸೀಟು, ಸೀಟಿಗೆ ಬೆಲ್ಟು.

ಮಂಡಿಯೂರುವುದನ್ನೇ ಕಡಿಮೆ ಮಾಡಬಹುದು

ನೆಲ ಮೆತ್ತಗಾಯಿತೆಂದು ಮಂಡಿಗೆ ಕೆಲಸ ಹೆಚ್ಚಿಸಬೇಕಾಗಿಲ್ಲ. ಸ್ವಲ್ಪ ಜೋಡಣೆ ಬದಲಿಸಿದರೆ ಅರ್ಧದಷ್ಟು ಮಂಡಿ ಕೆಲಸ ತಾನಾಗಿಯೇ ತಪ್ಪುತ್ತದೆ.

ದಾರಿಯಲ್ಲಿ ಮತ್ತೆ ಮತ್ತೆ ಬೇಕಾಗುವ ಅವಲಕ್ಕಿ, ಚಟ್ನಿಪುಡಿ, ಖಡಕ್ ರೊಟ್ಟಿ, ಥೇಪ್ಲಾ, ನೀರು, ಔಷಧಿ, ಇವುಗಳನ್ನು ಪಕ್ಕದ ಜಾರುಬಾಗಿಲ ಅಂಚಿನಲ್ಲೋ ಹಿಂಬಾಗಿಲ ಬಳಿಯೋ ಇಟ್ಟರೆ ಹೊರಗೆ ನಿಂತೇ ತೆಗೆಯಬಹುದು. ಊರಿನಲ್ಲೇ ಬಿಚ್ಚುವ ಸೂಟ್‌ಕೇಸುಗಳು ಒಳಗೆ ಹೋಗಲಿ. ಅನೇಕ ಮನೆಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ. ಸೂಟ್‌ಕೇಸ್ ಬಾಗಿಲ ಬಳಿ, ರೊಟ್ಟಿ ಗಂಟು ಮೂಲೆಯಲ್ಲಿ.

ಒಂದು ಮಣೆಯನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಮಂಡಿಯೂರಿ ಮಾಡುವ ಎಷ್ಟೋ ಕೆಲಸವನ್ನು ಮಣೆಯ ಮೇಲೆ ಕೂತು ಮಾಡಬಹುದು. ಏಳುವಾಗ ಒಂದು ಪಾದ ಊರಿ, ಕೈಗೆ ಆಸರೆ ಹಿಡಿದು, ಒಂದೊಂದೇ ಮಂಡಿ ಎತ್ತಬೇಕು. ಆಸರೆಗೆಂದು ಸೀಟಿನ ಬೆನ್ನು ಗಟ್ಟಿಯಾಗಿದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು.

ವ್ಯಾನಿಗೆ ಇಷ್ಟೆಲ್ಲ ಮಾಡಿಸಲು ಸಮಯವಿಲ್ಲದವರು, ಬಾಡಿಗೆ ಟ್ರಾವೆಲರಿನಲ್ಲಿ ಹೋಗುವವರು, ಒಂದು ಸಣ್ಣ ಮಂಡಿ ಮೆತ್ತೆ ಮಾಡಿಕೊಳ್ಳಬಹುದು. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಇ.ವಿ.ಎ. ತುಂಡು, ಅದಕ್ಕೆ ಹಳೆಯ ಕೌದಿಯ ಬಟ್ಟೆಯ ಚೀಲ, ಎತ್ತಲು ಒಂದು ಹಿಡಿ. ಎಲ್ಲಿ ಮಂಡಿಯೂರಬೇಕೋ ಅಲ್ಲಿಗೆ ಎಳೆದುಕೊಂಡರಾಯಿತು. ಊರಿನ ಮನೆಯ ಶಹಾಬಾದ್ ಕಲ್ಲಿನ ನೆಲಕ್ಕೂ, ಇಲ್ಲಿನ ಮನೆಯ ಕೋಟಾ ಕಲ್ಲಿನ ನೆಲಕ್ಕೂ, ದೇವರ ಮುಂದಿನ ರಂಗೋಲಿಗೂ ಅದೇ ಆದೀತು. ಹೊಲಿಗೆ ಬಲ್ಲ ಸಂಘದ ಮಹಿಳಾ ಸದಸ್ಯರು ಇಂಥ ಹತ್ತಾರು ಮೆತ್ತೆಗಳನ್ನು ಮಾಡಿಟ್ಟರೆ ಹಬ್ಬದ ಪೂಜೆ, ಭಜನೆಗಳಲ್ಲಿ ಹಿರಿಯರಿಗೆ ಉಪಕಾರವಾದೀತು. ಸಂಘದ ವೇದಿಕೆಗೂ ಈ ಪಾಠ ಅನ್ವಯಿಸುತ್ತದೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿಯ ಮೇಲೆ ಗಿರಗಿರನೆ ತಿರುಗುವ ಮಂಡಿ ಕುಣಿತಕ್ಕೆ ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಆ ಕಲಾವಿದರ ಮಂಡಿಯ ಕೆಳಗೆ ಬರಿಯ ಸಿಮೆಂಟು ಇದೆಯೋ ಮರದ ಹಲಗೆ ಇದೆಯೋ ಎಂದು ಸಂಘಟಕರು ನೋಡುವುದು ಅಗತ್ಯ.

ವೈದ್ಯರ ಬಳಿ ಯಾವಾಗ?

ಎಲ್ಲ ನೋವಿಗೂ ಹಾಸೇ ಮದ್ದಲ್ಲ. ಮಂಡಿ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದು, ಜ್ವರವೂ ಇದ್ದರೆ ಒಳಗೆ ಸೋಂಕು ತಗಲಿರಬಹುದು. ತಡ ಮಾಡದೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರಂತೂ ಮಂಡಿಯ ಮೇಲಿನ ಸಣ್ಣ ಗಾಯವನ್ನೂ ಅಲಕ್ಷಿಸಬಾರದು. ಸವೆದ ಮಂಡಿಯವರಿಗೆ ಮೆತ್ತನೆಯ ನೆಲ ಒತ್ತಡವನ್ನು ಕಡಿಮೆ ಮಾಡೀತೇ ಹೊರತು, ಮಂಡಿ ಮಡಚುವ ಕಷ್ಟವನ್ನು ಕಳೆಯದು. ಮಂಡಿ ಕೀಲು ಬದಲಿ ಶಸ್ತ್ರಚಿಕಿತ್ಸೆ ಆದವರು ಮಂಡಿಯೂರಬಹುದೇ ಎಂಬುದನ್ನು ತಮಗೆ ಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಬೇಕು. ಅಂಥವರಿಗೆ ಮುಂದಿನ ಸೀಟು, ಉಳಿದವರಿಗೆ ಕೆಲಸ ಎಂದು ಮನೆಯಲ್ಲಿ ಮೊದಲೇ ಹಂಚಿಕೊಂಡರೆ ಜಗಳವಿಲ್ಲ.

ಹಂಚಿಕೊಳ್ಳುವ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಹಾಸಿಗೆ ಮಡಿಸುವುದು, ನೆಲ ಒರೆಸುವುದು ಗಂಡಸರಿಗೆ ಬಾರದ ವಿದ್ಯೆಯಲ್ಲ. ಒಂದು ದಿನ ಬೆಳಗ್ಗೆ ಮಗನೋ ಯಜಮಾನರೋ ಮಂಡಿಯೂರಿ ಹಾಸಿಗೆ ಮಡಿಸಿದರೆ, ಮಾರನೆಯ ದಿನವೇ ಹಾಸು ಬದಲಾಗುತ್ತದೆ. ಅನುಭವ ಕಲಿಸಿದಷ್ಟು ಬೇಗ ಅಂಗಡಿಯವನೂ ಕಲಿಸಲಾರ.

ಹಾಸು ಚಿಕ್ಕದು, ಊರು ದೊಡ್ಡದು

ಗುಜರಾತಿಯಲ್ಲಿ ಮಂಡಿಗೆ ಘೂಂಟಣ್ ಎನ್ನುತ್ತಾರೆ. ಇಲ್ಲಿನ ನೆರೆಹೊರೆಯ ಹಿರಿಯ ಹೆಂಗಸರೂ ಕನ್ನಡದ ಅಮ್ಮಂದಿರೂ ಸಂಜೆ ಬಾಗಿಲಲ್ಲಿ ಕೂತು ಮಾತಾಡುವಾಗ ಭಾಷೆ ಅರ್ಧಂಬರ್ಧವಾದರೂ ಈ ಒಂದು ವಿಷಯದಲ್ಲಿ ಪೂರ್ಣ ಅರ್ಥವಾಗುತ್ತದೆ. ಮಂಡಿ ಹಿಡಿದು ತೋರಿಸಿದರೆ ಸಾಕು.

ನಾಲ್ಕು ದಶಕ ಹಿಂದೆ ಬ್ಯಾಂಕು, ರೈಲ್ವೆ, ರಿಫೈನರಿ, ರಸಗೊಬ್ಬರ ಕಾರ್ಖಾನೆ, ಹೋಟೆಲು ಎಂದು ಬರೋಡಾಕ್ಕೆ ಬಂದ ಪೀಳಿಗೆ ಈಗ ಅರುವತ್ತು, ಎಪ್ಪತ್ತರ ಗಡಿ ದಾಟಿದೆ. ಈ ಪೀಳಿಗೆಗೆ ಊರಿಗೆ ಹೋಗುವುದೆಂದರೆ ರಜೆಯ ಮೋಜಲ್ಲ. ಉಳಿದಿರುವ ಅಕ್ಕನನ್ನೋ ತಮ್ಮನನ್ನೋ ಇನ್ನೊಮ್ಮೆ ಕಾಣುವುದು, ಮನೆದೇವರಿಗೆ ಕಾಯಿ ಒಡೆಯುವುದು, ಮೊಮ್ಮಕ್ಕಳಿಗೆ ಹುಟ್ಟಿದ ಮನೆಯ ಅಂಗಳ ತೋರಿಸುವುದು. ಮಂಡಿ ನೋವಿಗೆ ಹೆದರಿ ಒಬ್ಬ ಅಜ್ಜಿ ಆ ದಾರಿಯನ್ನು ಬಿಟ್ಟುಕೊಟ್ಟರೆ, ಜೊತೆಗಿದ್ದ ಮಕ್ಕಳಿಗೆ ಊರಿನ ಕತೆ ಹೇಳುವವರೇ ಇಲ್ಲವಾಗುತ್ತಾರೆ. ಒಂದು ಹಲಗೆ, ಒಂದು ಹಾಸು, ಒಂದು ಕೌದಿ ಇಷ್ಟರಿಂದ ಆ ಅಜ್ಜಿಯನ್ನು ವ್ಯಾನಿಗೆ ಮರಳಿ ಹತ್ತಿಸಬಹುದಾದರೆ ಅದು ದುಬಾರಿಯೇನಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೊರಡುವ ಸದಸ್ಯ ಬಾಂಧವರು ಟಯರಿನ ಗಾಳಿ ನೋಡುವ ದಿನವೇ ನೆಲವನ್ನೂ ನೋಡಲಿ. ನೋಡುವ ಮುನ್ನ, ದಾರಿಯಲ್ಲಿ ಅದರ ಮೇಲೆ ಮಂಡಿಯೂರುವವರನ್ನು ಕರೆದು ಒಂದು ಮಾತು ಕೇಳಲಿ.